ಉಚಿತ ನೋಟ್ಸ್ ತಾಣಕ್ಕೆ ಯುಪಿಐ ದೇಣಿಗೆ: ಕ್ಯೂಆರ್‌ಗಿಂತ ಆಟೋಪೇ ವಾಸಿ, ಆದರೂ 5ಕ್ಕೆ 3 ಅಂಕ

ದಾವಣಗೆರೆಯಿಂದ ನಡೆಯುವ, ಪಿಯು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಕನ್ನಡ ನೋಟ್ಸ್ ಪುಕ್ಕಟೆ ಕೊಡುವ ತಾಣಕ್ಕೆ ಮೊದಲು ಬರೀ ಕ್ಯೂಆರ್, ಆಮೇಲೆ ಗೇಟ್‌ವೇ (ಆನ್‌ಲೈನ್ ಪಾವತಿ ಪಡೆದುಕೊಡುವ ಕಂಪನಿ) ಮೂಲಕ ಆಟೋಪೇ (ಕಂತು ತಾನಾಗಿಯೇ ಕಡಿತವಾಗುವ ವ್ಯವಸ್ಥೆ) ಬಳಸಿದ್ದೇವೆ. ಡೊಮೇನ್, ಸರ್ವರ್ ಖರ್ಚು ಗಿಟ್ಟುತ್ತದೆ. ನೋಟ್ಸ್ ಬರೆಯುವವರಿಗೆ ಕೊಡುವಷ್ಟು ಉಳಿಯುವುದಿಲ್ಲ.

ಕ್ಯೂಆರ್‌ನ ದೊಡ್ಡ ತೊಂದರೆ ತೀರಾ ಸಣ್ಣದು. ಹುಡುಗರು ಓದುವುದೇ ಮೊಬೈಲಲ್ಲಿ; ಆ ಪರದೆ ಮೇಲಿನ ಕ್ಯೂಆರ್ ಅನ್ನು ಅದೇ ಫೋನಿನಲ್ಲಿ ಸ್ಕ್ಯಾನ್ ಮಾಡೋದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು, ಗ್ಯಾಲರಿಗೆ ಹೋಗಿ ಆರಿಸುವಷ್ಟರಲ್ಲಿ ಕೊಡುವ ಮನಸ್ಸೇ ಹೋಗಿರುತ್ತದೆ. ಪಕ್ಕದಲ್ಲೇ ಯುಪಿಐ ಐಡಿ ಕಾಪಿ ಮಾಡುವ ಬಟನ್ ಇಡಿ. ಇನ್ನೊಂದು, ಹಣ ಕಳಿಸುವಾಗ ಕಾಣುವುದು ತಾಣದ ಹೆಸರಲ್ಲ, ಖಾತೆದಾರರ ಹೆಸರು. ‘ಇದ್ಯಾರಪ್ಪ’ ಅಂತ ಹಿಂದೆ ಸರಿಯುತ್ತಾರೆ. ಯಾವ ಹೆಸರು ಬರುತ್ತದೆ ಎಂದು ಕ್ಯೂಆರ್ ಕೆಳಗೇ ಬರೆದುಬಿಡಿ. ಇಷ್ಟೆಲ್ಲ ಮಾಡಿದರೂ ದುಡ್ಡು ಬರುವುದು ಪರೀಕ್ಷೆ, ಫಲಿತಾಂಶದ ಆಸುಪಾಸಿನಲ್ಲಿ. ಸರ್ವರ್ ಬಿಲ್ ಮಾತ್ರ ಪ್ರತಿ ತಿಂಗಳೂ ಬರುತ್ತದೆ.

ಆಟೋಪೇ ಇದಕ್ಕೆ ಮದ್ದು. ಒಮ್ಮೆ ಪಿನ್ ಹಾಕಿ ಒಪ್ಪಿದರೆ ಸಾಕು, ಸಣ್ಣ ಮೊತ್ತಕ್ಕೆ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಹೋಗಲೇಬೇಕು. ನಿಯಮ ಒಳ್ಳೆಯದೇ, ಆದರೆ ತಿಂಗಳಿಗೊಮ್ಮೆ ‘ರದ್ದು ಮಾಡಬೇಕಾ?’ ಎಂದು ನಾವೇ ನೆನಪಿಸಿದಂತಾಗುತ್ತದೆ. ತಿಂಗಳಿಗೆ 50ರ ಬದಲು ವರ್ಷಕ್ಕೆ 600 ಕೇಳಿದರೆ ಈ ಕಾಟ ಒಂದೇ ಸಲ. ತಿಂಗಳ ಕಂತೇ ಬೇಕೆಂದರೆ ತಾರೀಖು 5ರಿಂದ 7ರೊಳಗಿರಲಿ. 25ರ ಮೇಲೆ ಖಾತೆ ಖಾಲಿ, ಕಡಿತ ಫೇಲ್.

ಗೇಟ್‌ವೇಯವರ ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ ಎಂದರೆ 50ಕ್ಕೆ 1.18 ರೂಪಾಯಿ, ಪರವಾಗಿಲ್ಲ. ಪ್ರತಿ ಕಡಿತಕ್ಕೂ 5 ರೂಪಾಯಿ ಎಂದರೆ 20 ಕೊಟ್ಟವರ ದುಡ್ಡಿನಲ್ಲಿ ಕಾಲುಭಾಗ ಅಲ್ಲೇ ಹೋಯಿತು. ಸ್ವಂತ ಖಾತೆಗೆ ತೆಗೆದುಕೊಳ್ಳುವವರು ತೆರಿಗೆಯನ್ನೂ ನೋಡಿಕೊಳ್ಳಬೇಕು. ಉಡುಗೊರೆ ಎಂದು ತೋರಿಸಿದರೂ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದರೆ ಇಡೀ ಮೊತ್ತಕ್ಕೆ ತೆರಿಗೆ, ಮೇಲಿನ ಭಾಗಕ್ಕಷ್ಟೇ ಅಲ್ಲ.

‘ವಿಕಿಪೀಡಿಯಾ ನಡೀತಿಲ್ವಾ?’ ಅಂತ ಕೇಳುವವರಿದ್ದಾರೆ. ಓದುಗರಲ್ಲಿ ಶೇ 2ರಷ್ಟು ಜನ ಮಾತ್ರ ಕೊಡುತ್ತಾರೆ ಎಂದು ಅದರ ಮನವಿಯಲ್ಲೇ ಬರೆದಿರುತ್ತಾರೆ. ಜಗತ್ತಿಡೀ ಓದುಗರಿರುವುದರಿಂದ ಆ ಶೇ 2 ಸಾಕಾಗುತ್ತದೆ. ಬರೆಯುವವರಿಗೆ ಸಂಬಳವೂ ಇಲ್ಲ. ಸಾಲದ್ದಕ್ಕೆ 2016ರಿಂದ ಪ್ರತ್ಯೇಕ ಶಾಶ್ವತ ನಿಧಿ ಬೇರೆ ಕೂಡಿಡುತ್ತಿದ್ದಾರೆ. ಒಂದೆರಡು ಜಿಲ್ಲೆಯ ಹುಡುಗರು ಓದುವ ತಾಣಕ್ಕೆ ಆ ಲೆಕ್ಕ ಒಗ್ಗುವುದಿಲ್ಲ.

ಬರೀ ‘ಸಹಾಯ ಮಾಡಿ’ ಅನ್ನುವ ಮನವಿಗೆ ಯಾರೂ ಕರಗುವುದಿಲ್ಲ. ಈ ತಿಂಗಳ ಸರ್ವರ್ ಬಿಲ್ ಎಷ್ಟು, ಬಂದದ್ದೆಷ್ಟು, ಕಮ್ಮಿ ಬಿದ್ದದ್ದೆಷ್ಟು ಎಂದು ಮೂರು ಸಾಲು ಹಾಕಿ. ಮೊತ್ತ ತುಂಬಿದ ದಿನ ಮನವಿ ತೆಗೆದುಬಿಡಿ. ಬರೆಯುವವರ ಸಂಭಾವನೆಗೆ ಅಚ್ಚು ಹಾಕಿದ ನೋಟ್ಸ್ ಮಾರುವುದೋ, ಅಣಕು ಪರೀಕ್ಷೆಗೆ ಶುಲ್ಕ ಇಡುವುದೋ, ಬೇರೆ ದಾರಿ ಬೇಕೇ ಬೇಕು.