ಗಂಗಾವತಿಯಲ್ಲಿ ನಾನು ನಂಬಿದ ಹಿಟ್ಟಿನ ಗಿರಣಿ

ಹೋದ ಮಾರ್ಚ್‌ನಲ್ಲಿ ಒಂದು ದಿನ ನನ್ನ ಮಗಳು ಗಂಜಿಯ ಮೊದಲ ಚಮಚಕ್ಕೇ ಚೀರಿದಳು. ಗಂಜಿ ಚೆನ್ನಾಗಿ ಆರಿತ್ತು. ನಾನು ನಾಲಿಗೆಗೆ ಹಚ್ಚಿ ನೋಡಿದೆ. ಸಣ್ಣಗೆ ಖಾರ. ಮನೆ ಹತ್ತಿರದ ಗಿರಣಿಯಲ್ಲಿ ನನ್ನ ಹಿಟ್ಟಿಗಿಂತ ಮುಂಚೆ ಯಾರದೋ ಮೆಣಸಿನಕಾಯಿ ಬೀಸಿದ್ದರು. ನಮಗಾದರೆ ಗೊತ್ತೇ ಆಗದಷ್ಟು ಖಾರ. ಆದರೆ ಅವಳ ಬಾಯಿ ತುಂಬ ಹುಣ್ಣು. ಆಮೇಲೆ ಎರಡು ದಿನ ಚಮಚ ಕಂಡರೆ ಸಾಕು, ತುಟಿ ಬಿಗಿ ಹಿಡಿಯುತ್ತಿದ್ದಳು.

ಅವಳಿಗೆ 6 ವರ್ಷ. ರಕ್ತದ ಕ್ಯಾನ್ಸರ್. ಡಾಕ್ಟರು ಎ.ಎಲ್.ಎಲ್. ಅನ್ನುತ್ತಾರೆ. ಚಿಕಿತ್ಸೆ ಎರಡು, ಎರಡೂವರೆ ವರ್ಷದ್ದು. ರಾತ್ರಿ ಬಸ್ಸಿಗೆ ಬೆಂಗಳೂರು, ಕೀಮೋ ಮುಗಿಸಿ ಮತ್ತೆ ಊರು. ಮೆಥೊಟ್ರೆಕ್ಸೇಟ್ ಅನ್ನುವ ಕೀಮೋ ಔಷಧ ಕೊಟ್ಟ ಮೇಲೆ ಬಾಯಿ ಹುಣ್ಣಾಗುತ್ತದೆ. ವಿನ್‌ಕ್ರಿಸ್ಟಿನ್ ಅನ್ನುವ ಇನ್ನೊಂದನ್ನು ಕೊಟ್ಟರೆ ಹೊಟ್ಟೆ ಕಟ್ಟುತ್ತದೆ. ಸ್ಟೀರಾಯ್ಡ್ ನಡೆಯುವ ವಾರಗಳಲ್ಲಿ ಮಾತ್ರ ರಾತ್ರಿ ಎರಡಕ್ಕೆ ಎದ್ದು ಅನ್ನ ಕೇಳುತ್ತಾಳೆ.

ಆ ವಾರಗಳಲ್ಲಿ ಮುಖ ದುಂಡಗಾಗಿ ತೂಕ ಏರಿತ್ತು. ಮಗು ಮೈ ತುಂಬಿಕೊಂಡಿತು ಅಂತ ಅತ್ತೆ ದೃಷ್ಟಿ ತೆಗೆದರು. ನನಗೂ ಖುಷಿಯಾಗಿತ್ತು. ಆಸ್ಪತ್ರೆಯ ಡಯಟಿಷಿಯನ್ ಮೇಡಂ ತೂಕ ಬರೆದುಕೊಂಡು ಸುಮ್ನಾಗಲಿಲ್ಲ. ಟೇಪು ತೆಗೆದು ತೋಳಿಗೆ ಸುತ್ತಿದರು. 14.5 ಸೆಂಟಿಮೀಟರ್. "ಇದು ಔಷಧದ ಊತ, ಅಮ್ಮಾ. ತೋಳಿನ ಮಾಂಸ ಕರಗಿದೆ" ಅಂದರು. ಮೈಯಲ್ಲಿ ಶಕ್ತಿ ಇಲ್ಲದ ಮಗುವಿಗೆ ಸೋಂಕು ಬೇಗ ತಗಲುತ್ತದೆ, ಕೀಮೋ ತಡೆಯುವುದಿಲ್ಲ, ಡೋಸು ಮುಂದೆ ಹೋಗುತ್ತದೆ ಅಂತ ತಿಳಿಸಿ ಹೇಳಿದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಆಮೇಲೆ ಓದಿದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ 30 ಕೂಡ ದಾಟುವುದಿಲ್ಲ. ರೋಗ ತಡವಾಗಿ ಗೊತ್ತಾಗುವುದು, ಚಿಕಿತ್ಸೆ ನಡುವೆ ಬಿಡುವುದು, ಹೀಗೆ ಕಾರಣ ಬಹಳ. ಹೊಟ್ಟೆಗೆ ಸಾಲದಿರುವುದೂ ಅದರಲ್ಲಿ ಸೇರಿದೆ. ಅವತ್ತಿನಿಂದ ಗಂಜಿಯನ್ನೂ ಔಷಧದಂತೆಯೇ ಟೈಮಿಗೆ ಸರಿಯಾಗಿ ಕೊಡುತ್ತಿದ್ದೇನೆ.

ಡಬ್ಬಿಯ ಪ್ರೋಟೀನ್ ಪೌಡರ್ ತಿಂಗಳು ತಿಂಗಳು ಕೊಳ್ಳುವ ಶಕ್ತಿ ನಮಗಿಲ್ಲ. ಮೇಡಂ ಹುರಿಹಿಟ್ಟು ಬರೆದುಕೊಟ್ಟರು. ಅರ್ಧ ಕೆಜಿ ಸೋನಾ ಮಸೂರಿ, ಹೆಸರುಬೇಳೆ, ಪುಟಾಣಿ, ಶೇಂಗಾ ಕಾಲು ಕಾಲು ಕೆಜಿ. ಎಲ್ಲ ಹುರಿದು ಬೀಸಿಸುವುದು. ಕುದಿಸಿ ಗಂಜಿ ಮಾಡಿ, ಬೆಲ್ಲ ಹಾಕಿ, ಮೇಲೆ ಒಂದು ಚಮಚ ತುಪ್ಪ. ಮಗು ನಾಲ್ಕೇ ಚಮಚ ತಿಂದರೂ ಆ ನಾಲ್ಕರಲ್ಲಿ ಸತ್ವ ಇರಬೇಕಲ್ವಾ? 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಒಂದು ಸಣ್ಣ ಚಮಚ ತುಪ್ಪದಲ್ಲಿ 45 ಕ್ಯಾಲೊರಿ.

ಖಾರದ ಹಿಟ್ಟಾದ ಮೇಲೆ ಊರಲ್ಲಿ ನಾಲ್ಕು ಗಿರಣಿ ಸುತ್ತಿದೆ. ಕೊನೆಗೆ ಸಿಕ್ಕಿದ್ದು ಈ ಕಾಕಾನ ಗಿರಣಿ. ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಬೋರ್ಡಿಲ್ಲ. ಇಲ್ಲಿ ಖಾರದ ಗಿರಣಿಯೇ ಬೇರೆ, ಗೋಡೆಯ ಆಚೆ. ಆದರೂ ಮಗಳ ವಿಷಯ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಂಗೀ, ನೀ ಮುಂಜಾನೆ ಏಳಕ್ಕ ಬಾ. ಕಲ್ಲು ಬಿಚ್ಚಿ ಝಾಡಿಸಿ ಇಟ್ಟಿರತೀನಿ. ಮೊದಲ ನಿಂದ" ಅಂದರು.

ಹಾಗೇ ಮಾಡಿದರು. ಬ್ರಷ್‌ನಿಂದ ಕಲ್ಲು ಉಜ್ಜಿ, ತಮ್ಮದೇ ಎರಡು ಹಿಡಿ ಅಕ್ಕಿ ಬೀಸಿ ಆ ಹಿಟ್ಟನ್ನು ಬೇರೆ ತೆಗೆದಿಟ್ಟರು. ಆಮೇಲೆ ನನ್ನ ಡಬ್ಬಿ ತಗೊಂಡರು. ಅದಕ್ಕೆ ದುಡ್ಡು ಹಿಡಿಯಲಿಲ್ಲ. ಶೇಂಗಾ ಒಂದನ್ನೇ ಹಾಕಿದರೆ ಎಣ್ಣೆ ಬಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಅಕ್ಕಿ, ಪುಟಾಣಿ ಜೊತೆ ಕಲಸಿ ತಾ ಅಂತ ಹೇಳಿಕೊಟ್ಟವರೂ ಅವರೇ. ಹುರಿದದ್ದು ಪೂರ್ತಿ ಆರಿರಬೇಕು, ಬಿಸಿ ಇದ್ದರೆ ವಾಪಸ್ ಕಳಿಸುತ್ತಾರೆ. ಒಮ್ಮೆ ನನ್ನನ್ನೂ ಕಳಿಸಿದ್ದಾರೆ. ಆವತ್ತು ಬೇಜಾರಾಗಿತ್ತು, ಈಗ ಇಲ್ಲ. ಹಿಟ್ಟು ನುಣ್ಣಗಿರುತ್ತದೆ, ಗಂಟು ಕಟ್ಟುವುದಿಲ್ಲ. ಹುಣ್ಣಿದ್ದ ದಿನವೂ ಗುಟುಕು ಗುಟುಕಾಗಿ ಇಳಿಯುತ್ತದೆ. ಕೆಜಿಗೆ 10 ರೂಪಾಯಿ.

ತೊಂದರೆಗಳೂ ಇವೆ. ಕರೆಂಟು ಹೋದರೆ ಕಾಯಲೇಬೇಕು. ಏಪ್ರಿಲ್‌ನಲ್ಲಿ ಒಂದು ದಿನ ಎರಡು ತಾಸು ಕೂತೆ. ಮಧ್ಯಾಹ್ನ ಹೋದರೆ ಜನ ಜಾಸ್ತಿ, ಕಲ್ಲು ಸ್ವಚ್ಛ ಮಾಡಿಸಿಕೊಳ್ಳುವ ಮಾತೇ ಇಲ್ಲ. ಒಳಗೆ ಹಿಟ್ಟಿನ ಧೂಳು ಹೊಗೆಯ ಹಾಗೆ ತುಂಬಿರುತ್ತದೆ. ಕಿಟಕಿ ಒಂದೇ. ಇನ್ನೊಂದು ಇಡಿಸಿ ಅಂತ ಕಾಕಾಗೆ ಎರಡು ಸಲ ಹೇಳಿದ್ದೇನೆ. ಬಿಳಿ ರಕ್ತಕಣ ಇಳಿದು ಸೋಂಕು ಬೇಗ ತಗಲುವಂತಿರುವ ಮಗುವನ್ನು ಅಲ್ಲಿಗೆ ಕರೆದೊಯ್ಯಲೇಬೇಡಿ.

ನಾಲ್ಕು ತಿಂಗಳಾಯಿತು. ಹೋದ ಸಲ ಟೇಪು 15.3 ತೋರಿಸಿತು. ಹಿಟ್ಟೊಂದರಿಂದಲೇ ಅಂತ ನಾನು ಹೇಳುವುದಿಲ್ಲ. ಮೊಟ್ಟೆ, ಬೇಳೆ, ಬಾಳೆಹಣ್ಣು ಎಲ್ಲ ಕೊಡುತ್ತಿದ್ದೇವೆ. ಆದರೆ ಬಾಯಿ ಉರಿಯುವ ದಿನಗಳಲ್ಲಿ ಹೊಟ್ಟೆ ಸೇರಿದ್ದು ಈ ಗಂಜಿ ಒಂದೇ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ, ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಶೇಂಗಾವನ್ನು ಒಂದೊಂದೇ ಆರಿಸಿ. ಸುಕ್ಕಾದ್ದು, ಕಪ್ಪಾದ್ದು, ಬೂಸ್ಟು ಹಿಡಿದದ್ದು ಎಸೆದುಬಿಡಿ, ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿಸಿ, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಶೇಂಗಾ ಕಮಟು ಬರುತ್ತದೆ. ಸ್ಟೀಲಿನ ಒಣ ಡಬ್ಬಿ ಒಯ್ಯಿರಿ. ಏಳು ಗಂಟೆಗೆ ಹೋಗಿ, ಮಗುವಿಗೆ ಅಂತ ಹೇಳಿ.