ಹಳದಿ ಪಿನ್ ಇದೆ, ಚಿತ್ರ ಇಲ್ಲ: ಮೂರು ವರ್ಷ ಬಳಸಿದ ಹೋಮ್ ಥಿಯೇಟರ್ ರಿಸೀವರ್

ಹೋಮ್ ಥಿಯೇಟರ್ ರಿಸೀವರ್ ಅಂದರೆ ಎಲ್ಲ ಸಾಧನಗಳ ಶಬ್ದವನ್ನ ಸ್ಪೀಕರ್‌ಗೆ, ಚಿತ್ರವನ್ನ ಟಿವಿಗೆ ಕಳಿಸುವ ಪೆಟ್ಟಿಗೆ. ಅದರ ಹಿಂದೆ ಹಳದಿ, ಕೆಂಪು, ಬಿಳಿ ಸಾಕೆಟ್ ಇದೆ ಅಂದಮಾತ್ರಕ್ಕೆ ಹಳೇ ವಿಸಿಆರೋ ಡಿವಿಡಿ ಪ್ಲೇಯರೋ ಸಿಕ್ಕಿಸಿದ ಕೂಡಲೇ ಟಿವಿಯಲ್ಲಿ ಚಿತ್ರ ಬಂದುಬಿಡುತ್ತೆ ಅಂದುಕೊಳ್ಳಬೇಡಿ. ಸ್ಪೀಕರ್‌ನಲ್ಲಿ ಶಬ್ದ ಸ್ವಚ್ಛವಾಗಿ ಬರುತ್ತೆ, ಪರದೆ ಮಾತ್ರ ಕಪ್ಪು. ಮೈಸೂರಿನ ಮನೆಯಲ್ಲಿ ಮೂರು ವರ್ಷದಿಂದ ದಿನವೂ ಓಡುತ್ತಿರುವ ಈ 5.2 ಚಾನೆಲ್ (ಐದು ಸ್ಪೀಕರ್, ಎರಡು ಸಬ್‌ವೂಫರ್) ರಿಸೀವರ್ ಬಗ್ಗೆ ನನ್ನ ದೊಡ್ಡ ತಕರಾರು ಇದು. ಕಂಪನಿ ಹೆಸರು ಹೇಳೋದಿಲ್ಲ. 40,000 ರೂಪಾಯಿ ಒಳಗಿನ ಬಹಳಷ್ಟು ರಿಸೀವರ್‌ಗಳ ಕಥೆ ಇದೇ. ವ್ಯಾಟ್ ಎಷ್ಟು, ಬ್ಲೂಟೂತ್ ಇದೆಯಾ ಅನ್ನೋದೆಲ್ಲ ಡಬ್ಬದ ಮೇಲೇ ಬರೆದಿರುತ್ತೆ. ನಾಲ್ಕಾರು ಕಡೆಯಿಂದ ಬರುವ ವಿಡಿಯೋ ಈ ರಿಸೀವರ್ ಒಳಗೆ ಹೋಗಿ ಏನಾಗುತ್ತೆ ಅನ್ನೋದನ್ನ ಮಾತ್ರ ಬರೆಯುತ್ತೇನೆ.

ಕಾರಣ ಸರಳ. ಹಳದಿ ಪಿನ್‌ನಲ್ಲಿ ಬರೋದು ಅನಲಾಗ್ ಚಿತ್ರ, ರಿಸೀವರ್‌ನಿಂದ ಟಿವಿಗೆ ಎಳೆದ ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗೋದು ಡಿಜಿಟಲ್. ಒಂದನ್ನ ಇನ್ನೊಂದು ಮಾಡೋಕೆ ರಿಸೀವರ್ ಒಳಗೆ ಬೇರೆಯೇ ಸರ್ಕ್ಯೂಟ್ ಬೇಕು. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಅದನ್ನ ಹಾಕೋದಿಲ್ಲ. ಹಾಗಾಗಿ ಹಳದಿ ಇನ್‌ಪುಟ್‌ಗೆ ಬಂದ ಚಿತ್ರ ಮಾನಿಟರ್ ಔಟ್ ಅಂತ ಬರೆದಿರೋ ಹಳದಿ ಸಾಕೆಟ್‌ನಿಂದ ಮಾತ್ರ ಹೊರಗೆ ಬರುತ್ತೆ, ಎಚ್‌ಡಿಎಂಐ ಕಡೆಗೆ ದಾಟೋದೇ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಇದು ಕನೆಕ್ಷನ್ ಚಿತ್ರದ ಕೆಳಗೆ ಸಣ್ಣಕ್ಷರದ ಒಂದು ಸಾಲು. ಅದನ್ನ ಓದದೇ ಇದ್ದರೆ ಕ್ಯಾಸೆಟ್‌ಗೆ ಫಂಗಸ್ ಹಿಡಿದಿದೆ, ವಿಸಿಆರ್ ಹೆಡ್ ಹೋಗಿದೆ ಅಂತ ರಿಪೇರಿ ಅಂಗಡಿಗೆ ಅಲೆಯೋದೇ ಆಗುತ್ತೆ. ಅದಕ್ಕೂ ಮೊದಲು ಎರಡು ಪರೀಕ್ಷೆ ಮಾಡಿ. ರಿಸೀವರ್‌ನ ಸೆಟಪ್ ಮೆನು ಟಿವಿಯಲ್ಲಿ ಕಾಣಿಸಿದರೆ ಎಚ್‌ಡಿಎಂಐ ಕೇಬಲ್ ಸರಿ ಇದೆ. ವಿಸಿಆರ್‌ನ ಹಳದಿ ವೈರನ್ನ ನೇರ ಟಿವಿಗೆ ಹಾಕಿದಾಗ ಚಿತ್ರ ಬಂದರೆ ವಿಸಿಆರ್ ಸರಿ ಇದೆ. ಎರಡೂ ಸರಿ ಇದ್ದು ರಿಸೀವರ್ ಮೂಲಕ ಬರದಿದ್ದರೆ ಕೆಟ್ಟಿರೋದು ಯಾವುದೂ ಅಲ್ಲ, ರಿಸೀವರ್ ಇರೋದೇ ಹಾಗೆ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಮೈಸೂರು, ಮಂಡ್ಯದ ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ಕ್ಯಾಸೆಟ್ ಇನ್ನೂ ಇವೆ. ದೊಡ್ಡ ಪರದೆಯಲ್ಲಿ, ಒಳ್ಳೇ ಸ್ಪೀಕರ್‌ನಲ್ಲಿ ಅವನ್ನ ನೋಡಬೇಕು ಅನ್ನೋ ಆಸೆಯೂ ಸೇರಿಯೇ ಜನ ರಿಸೀವರ್ ತಗೊಳ್ಳೋದು. ಹಳದಿ ಸಾಕೆಟ್ ನೋಡಿದವರಿಗೆ ಆ ಭರವಸೆ ಬರುತ್ತೆ.

ದಾರಿ ಮೂರಿವೆ. ಖರ್ಚೇ ಇಲ್ಲದ್ದು, ವಿಸಿಆರನ್ನ ನೇರ ಟಿವಿಗೆ ಕೊಟ್ಟು ಶಬ್ದವನ್ನ ಎಆರ್‌ಸಿ ಮೂಲಕ, ಅಂದರೆ ಟಿವಿಗೆ ಹೋಗಿರೋ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ, ರಿಸೀವರ್‌ಗೆ ವಾಪಸ್ ತರೋದು. ಹೊಸ ಟಿವಿಗಳಲ್ಲಿ ಮೂರು ಸಾಕೆಟ್ ಬದಲು ಹೆಡ್‌ಫೋನ್ ಥರದ ಒಂದೇ 3.5 ಎಂಎಂ ಎವಿ ಸಾಕೆಟ್ ಇರುತ್ತೆ. ಅದಕ್ಕೆ ಟಿವಿ ಜೊತೆ ಕೊಟ್ಟ ವೈರೇ ಬೇಕು. ಕ್ಯಾಮ್‌ಕಾರ್ಡರ್‌ಗೆ ಅಂತ ಮಾರುವ ಕೆಲವು ವೈರುಗಳಲ್ಲಿ ವಿಡಿಯೋ ಮತ್ತು ಗ್ರೌಂಡ್ ಅದಲುಬದಲಾಗಿರುತ್ತೆ, ಚಿತ್ರ ಬರೋದಿಲ್ಲ, ಗುಂಯ್ ಅನ್ನೋ ಸದ್ದು ಮಾತ್ರ. ಎರಡನೇ ದಾರಿ, ರಿಸೀವರ್‌ನ ಮಾನಿಟರ್ ಔಟ್‌ನಿಂದ ಟಿವಿಗೆ ಇನ್ನೊಂದು ಹಳದಿ ವೈರ್ ಎಳೆಯೋದು. ಆಗ ಪ್ರತಿ ಸಲ ರಿಸೀವರ್‌ನಲ್ಲೂ ಟಿವಿಯಲ್ಲೂ ಇನ್‌ಪುಟ್ ಬದಲಿಸಬೇಕು. ಮನೆಯ ಹಿರಿಯರಿಗೆ ಇದು ಒಗ್ಗೋದಿಲ್ಲ.

ಮೂರನೇದು ಕನ್ವರ್ಟರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, 500ರಿಂದ 800 ರೂಪಾಯಿಗೆ ಸಿಗುತ್ತೆ. ಕೊಳ್ಳುವಾಗ 'ಎವಿ ಟು ಎಚ್‌ಡಿಎಂಐ' ಅಂತಲೇ ಕೇಳಿ, ಡಬ್ಬ ತೆಗೆಸಿ ನೋಡಿ. 'ಎಚ್‌ಡಿಎಂಐ ಟು ಎವಿ' ಅನ್ನೋದೂ ನೋಡೋಕೆ ಹೀಗೇ ಇರುತ್ತೆ, ಅದು ಉಲ್ಟಾ ಕೆಲಸದ್ದು. ಇದಕ್ಕೆ 5 ವೋಲ್ಟ್ ಯುಎಸ್‌ಬಿ ಕರೆಂಟ್ ಬೇಕು. ಹಳದಿ ಪಿನ್ ಮಾತ್ರ ಕನ್ವರ್ಟರ್‌ಗೆ ಹಾಕಿ, ಕೆಂಪು-ಬಿಳಿಯನ್ನ ರಿಸೀವರ್‌ನ ಅನಲಾಗ್ ಆಡಿಯೋ ಸಾಕೆಟ್‌ಗೇ ಕೊಡಿ. ಆಮೇಲೆ ಸೆಟಪ್ ಮೆನುವಿನ ಇನ್‌ಪುಟ್ ಅಸೈನ್‌ನಲ್ಲಿ ಒಂದೇ ಹೆಸರಿಗೆ, ಉದಾಹರಣೆಗೆ ಡಿವಿಡಿ ಅನ್ನೋದಕ್ಕೆ, ಕನ್ವರ್ಟರ್ ಸಿಕ್ಕಿಸಿದ ಎಚ್‌ಡಿಎಂಐ 4 ಮತ್ತು ಆ ಅನಲಾಗ್ ಆಡಿಯೋ ಎರಡನ್ನೂ ಜೋಡಿಸಿ, ಇನ್‌ಪುಟ್ ಮೋಡ್ ಅನಲಾಗ್ ಅಂತ ಇಡಿ. ಕನ್ವರ್ಟರ್ ಒಳಗಿನ ಅಗ್ಗದ ಆಡಿಯೋ ಭಾಗದಿಂದ ಬರುವ ಸೀಳು ದನಿ ಹೀಗೆ ಮಾಡಿದರೆ ತಪ್ಪುತ್ತೆ. ಆದರೆ ಚಿತ್ರ ಕನ್ವರ್ಟರ್ ದಾಟಿ ಬರೋದು ತಡ ಆಗಿ ಮಾತು ತುಟಿಗಿಂತ ಮುಂದೆ ಓಡುತ್ತೆ. ಆಡಿಯೋ ಡಿಲೇಯನ್ನ 60 ಮಿಲಿಸೆಕೆಂಡ್‌ನಿಂದ ಶುರು ಮಾಡಿ ಹತ್ತು ಹತ್ತು ಏರಿಸಿ. ನನ್ನ ಸೆಟಪ್‌ನಲ್ಲಿ 80ಕ್ಕೆ ಸರಿಹೋಯಿತು.

ಚಿತ್ರದ ಗುಣಮಟ್ಟ ಮಾತ್ರ ಸಾಧಾರಣ. ನಮ್ಮ ಕ್ಯಾಸೆಟ್‌ಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಅರ್ಧಚಿತ್ರ. ಈ ಕನ್ವರ್ಟರ್ ಅದನ್ನ ಬಲವಂತವಾಗಿ 60 ಮಾಡಿ ಕಳಿಸುತ್ತೆ. ಆರತಿ ತಟ್ಟೆ ಸುತ್ತುವಾಗ ನೋಡಿ, ದೀಪದ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಏಳುತ್ತೆ, ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ಚಿತ್ರ ತಡವರಿಸುತ್ತೆ. ಜೊತೆಗೆ 4:3 ಚಿತ್ರವನ್ನ ಅಗಲಕ್ಕೆ ಎಳೆದು ಎಲ್ಲರ ಮುಖವನ್ನೂ ಚಪ್ಪಟೆ ಮಾಡುತ್ತೆ. ಟಿವಿಯ ಪಿಕ್ಚರ್ ಸೈಜ್ 4:3 ಮಾಡಿದರೆ ಮುಖಗಳು ಮೊದಲಿನ ಹಾಗಾಗುತ್ತವೆ. ಡಿವಿಡಿ ಪ್ಲೇಯರ್‌ನಲ್ಲಿ ಎಚ್‌ಡಿಎಂಐ ಔಟ್ ಇದ್ದರೆ ಈ ರಗಳೆ ಯಾವುದೂ ಬೇಡ, ಅದನ್ನೇ ಬಳಸಿ. ಕ್ಯಾಸೆಟ್‌ಗಳನ್ನ ಒಂದು ಸಲ ಕಂಪ್ಯೂಟರ್‌ಗೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡೋದು ಎಲ್ಲಕ್ಕಿಂತ ಒಳ್ಳೇದು. ಮಳೆಗಾಲದ ತೇವಕ್ಕೆ ಟೇಪ್ ಪ್ರತಿ ವರ್ಷ ಇನ್ನಷ್ಟು ಹಾಳಾಗುತ್ತಲೇ ಇರುತ್ತೆ.

ಎಚ್‌ಡಿಎಂಐ ಕಡೆಯ ಕೆಲಸ ಇಷ್ಟು ಒರಟಲ್ಲ. ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಬ್ಲೂ-ರೇ ಪ್ಲೇಯರ್ ಮೂರೂ ರಿಸೀವರ್‌ಗೆ, ಅಲ್ಲಿಂದ ಒಂದೇ ಕೇಬಲ್ ಟಿವಿಗೆ. ಟಿವಿಯಲ್ಲಿ ಎಆರ್‌ಸಿ ಅಂತ ಬರೆದಿರೋ ಪೋರ್ಟ್‌ಗೇ ಹಾಕಬೇಕು, ಬೇರೆ ಪೋರ್ಟ್‌ಗೆ ಹಾಕಿದರೆ ಟಿವಿಯ ಆ್ಯಪ್‌ಗಳ ಶಬ್ದ ರಿಸೀವರ್‌ಗೆ ಬರೋದಿಲ್ಲ. ಸ್ಟಿಕ್‌ನಲ್ಲಿ 4ಕೆ ಬಂದು ಎಚ್‌ಡಿಆರ್ (ಬೆಳಕು-ನೆರಳನ್ನ ಹೆಚ್ಚು ಚೆನ್ನಾಗಿ ತೋರಿಸುವ ಚಿತ್ರ) ಬರದಿದ್ದರೆ ಮೊದಲು ರಿಸೀವರ್‌ನ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ನೋಡಿ. ಈ ರಿಸೀವರ್ ಡಬ್ಬದಿಂದ ಬರುವಾಗಲೇ ಅದು ಸ್ಟ್ಯಾಂಡರ್ಡ್‌ನಲ್ಲಿತ್ತು. ಸ್ಟಿಕ್ ಇರೋ ಪೋರ್ಟನ್ನ ಎನ್‌ಹಾನ್ಸ್‌ಡ್ ಮಾಡಿ, ಟಿವಿಯಲ್ಲೂ ಅದೇ ಥರದ ಸೆಟ್ಟಿಂಗ್ ಆನ್ ಮಾಡಿ. ಸೆಟ್‌ಟಾಪ್ ಬಾಕ್ಸ್ ಪೋರ್ಟನ್ನ ಸ್ಟ್ಯಾಂಡರ್ಡ್‌ನಲ್ಲೇ ಬಿಡಿ, ಹಳೇ ಬಾಕ್ಸ್‌ಗಳು ಎನ್‌ಹಾನ್ಸ್‌ಡ್‌ನಲ್ಲಿ ಆಗಾಗ ಕಪ್ಪು ಪರದೆ ಕೊಡುತ್ತವೆ. ಬಾಕ್ಸ್‌ನ ರೆಸಲ್ಯೂಷನ್ ಆಟೋದಲ್ಲಿ ಇದ್ದರೆ ಎಸ್‌ಡಿ ಚಾನೆಲ್‌ನಿಂದ ಎಚ್‌ಡಿ ಚಾನೆಲ್‌ಗೆ ಹೋದಾಗಲೆಲ್ಲ ಮೂರು ನಾಲ್ಕು ಸೆಕೆಂಡ್ ಪರದೆ ಕಪ್ಪಾಗುತ್ತೆ. 1080ಐ ಅಂತ ಒಂದೇ ಕಡೆ ನಿಲ್ಲಿಸಿಬಿಡಿ.

ಎಚ್‌ಡಿಎಂಐ ಮೂಲಕವೇ ಒಂದು ಸಾಧನ ಇನ್ನೊಂದನ್ನ ಆನ್-ಆಫ್ ಮಾಡುವ ಸಿಇಸಿ ವಿಷಯದಲ್ಲಿ ಟಿವಿ ಮತ್ತು ರಿಸೀವರ್ ಎರಡರಲ್ಲಿ ಮಾತ್ರ ಆನ್ ಇಟ್ಟು, ಸ್ಟಿಕ್ ಮತ್ತು ಬಾಕ್ಸ್‌ನಲ್ಲಿ ಆಫ್ ಮಾಡಿ. ಎಲ್ಲದರಲ್ಲೂ ಆನ್ ಇದ್ದರೆ ಧಾರಾವಾಹಿ ನಡೀತಾ ಇರುವಾಗಲೇ ಸ್ಟಿಕ್ ತಾನಾಗೇ ಎದ್ದು ಪರದೆ ಕಿತ್ತುಕೊಳ್ಳುತ್ತೆ. ಕರೆಂಟ್ ಹೋಗಿ ಬಂದಮೇಲೆ ಚಿತ್ರ ಬರದಿದ್ದರೆ ಟಿವಿ, ರಿಸೀವರ್, ಆಮೇಲೆ ಬಾಕ್ಸ್, ಈ ಕ್ರಮದಲ್ಲಿ ಆನ್ ಮಾಡಿ. ಆಗಲೂ ಬರದಿದ್ದರೆ ಬಾಕ್ಸ್‌ನ ಎಚ್‌ಡಿಎಂಐ ಹತ್ತು ಸೆಕೆಂಡ್ ಕಿತ್ತು ಮತ್ತೆ ಹಾಕಿ. ಸ್ಟ್ಯಾಂಡ್‌ಬೈ ಪಾಸ್‌ಥ್ರೂ ಆನ್ ಇರಲಿ. ರಿಸೀವರ್ ಮಲಗಿದ್ದರೂ ಬಾಕ್ಸ್‌ನ ಚಿತ್ರ, ಶಬ್ದ ಟಿವಿಗೆ ಹೋಗುತ್ತೆ, ಸಂಜೆ ಧಾರಾವಾಹಿಗೆ ಮನೆಯವರು ರಿಸೀವರ್‌ನ ರಿಮೋಟನ್ನ ಹುಡುಕಬೇಕಿಲ್ಲ.

ನನ್ನ ಮುನಿಸು ಇಳಿಸಿದ್ದು ವಿಡಿಯೋಗೆ ಸಂಬಂಧವೇ ಇಲ್ಲದ ಒಂದು ಭಾಗ, ಎಫ್‌ಎಂ ಟ್ಯೂನರ್. ಬೆಳಗ್ಗೆ ಕಾಫಿ ಡಿಕಾಕ್ಷನ್ ಇಳಿಯೋ ಹೊತ್ತಿಗೆ ಟಿವಿ ಹಾಕದೆ ಒಂದೇ ಗುಂಡಿ ಒತ್ತಿದರೆ ಮೈಸೂರು ಆಕಾಶವಾಣಿ, 100.6. ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಶುರು ಮಾಡಿದ ಬಾನುಲಿಯಿಂದ ಬೆಳೆದ ಕೇಂದ್ರ ಅದು. ಒಳ್ಳೇ ಸ್ಪೀಕರ್‌ನಲ್ಲಿ ವೀಣೆಯ ತಂತಿ ಮೀಟಿದ ಮೇಲೆ ಉಳಿಯುವ ನಾದವೂ ಕಿವಿಗೆ ಸಿಗುತ್ತೆ. ಜೊತೆಗೆ ಕೊಡುವ ಎಳೆ ವೈರ್ ಆಂಟೆನಾವನ್ನ ರಿಸೀವರ್ ಹಿಂದೆ ಸುತ್ತಿ ಬಿಡಬೇಡಿ, ಕಿಟಕಿ ಪಕ್ಕ ಬಿಚ್ಚಿ ಅಂಟಿಸಿ. ಮಂಡ್ಯದ ಕಡೆ ಸಿಗ್ನಲ್ ಎಳೆದಾಡಿದರೆ 71 ಸೆಂಟಿಮೀಟರ್‌ನ ಎರಡು ತಾಮ್ರದ ವೈರ್ ತಗೊಂಡು ಟಿ ಆಕಾರದಲ್ಲಿ ಎರಡು ಕಡೆಗೆ ಚಾಚಿ ಡೈಪೋಲ್ ಮಾಡಿ, ಟಿವಿ ಕೇಬಲ್‌ನಲ್ಲಿ ಇಳಿಸಿ. ಆ ಕನ್ವರ್ಟರ್‌ಗೆ ಅಗ್ಗದ ಚಾರ್ಜರ್ ಹಾಕಿದ್ದರೆ 100.6ರಲ್ಲಿ ಸೊಂಯ್ ಅನ್ನೋ ಸದ್ದು ಸೇರಿಕೊಳ್ಳುತ್ತೆ. ಕ್ಯಾಸೆಟ್ ನೋಡದ ಹೊತ್ತಿನಲ್ಲಿ ಚಾರ್ಜರ್ ಕಿತ್ತಿಡಿ.

ಇನ್ನೊಂದು, ವಿಜಯದಶಮಿಯ ಜಂಬೂಸವಾರಿ ನೇರಪ್ರಸಾರ. ಬರೋದು ಬರೀ ಸ್ಟೀರಿಯೋ. ಸೌಂಡ್ ಮೋಡ್ ಡಾಲ್ಬಿ ಸರೌಂಡ್‌ಗೆ ಹಾಕಿದರೆ ವೀಕ್ಷಕ ವಿವರಣೆ ನಡುವಿನ ಸ್ಪೀಕರ್‌ಗೆ ಹೋಗಿ ನಿಲ್ಲುತ್ತೆ, ನಾದಸ್ವರ, ಬ್ಯಾಂಡ್, ಜನರ ಕೂಗು ಎಲ್ಲ ಸುತ್ತ ಹರಡಿಕೊಳ್ಳುತ್ತೆ. 21 ಕುಶಾಲತೋಪು ಹಾರುವಾಗ ಸಬ್‌ವೂಫರ್‌ನ ಮಟ್ಟ ಎರಡು ಹೆಜ್ಜೆ ಇಳಿಸಿ, ಇಲ್ಲದಿದ್ದರೆ ಶೋಕೇಸ್‌ನಲ್ಲಿ ಜೋಡಿಸಿಟ್ಟ ಬೊಂಬೆಗಳು ಜರುಗುತ್ತವೆ.