‘ಟೂರ್ನಮೆಂಟ್‌ಗೆ ಸಿದ್ಧ’ ಎಂದು ಮಾರುವ ಡೆಕ್‌ಗಳ ಬಗ್ಗೆ ಎಚ್ಚರ

ಅಪರೂಪದ ಕಾರ್ಡ್‌ಗಳನ್ನು ಧಾರಾಳವಾಗಿ ತುಂಬಿ, ‘ಟೂರ್ನಮೆಂಟ್‌ಗೆ ಸಿದ್ಧ’ ಎಂಬ ಹಣೆಪಟ್ಟಿ ಹಚ್ಚಿ ಪೋಕೆಮಾನ್ ಕಾರ್ಡ್ ಆಟದ ಡೆಕ್‌ಗಳನ್ನು (ಆಡಲು ಜೋಡಿಸಿದ ಕಾರ್ಡ್‌ಗಳ ಕಟ್ಟುಗಳನ್ನು) ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಅಂಥವರೊಬ್ಬರಿಂದ ನಾನು ಕೊಂಡ 60 ಕಾರ್ಡ್‌ಗಳ ಡೆಕ್ ಮೊದಲ ಸ್ಪರ್ಧೆಯ ತಪಾಸಣೆಯಲ್ಲೇ ನಿಯಮಬಾಹಿರವೆಂದು ತೀರ್ಮಾನವಾಯಿತು. ಕಾರ್ಡ್‌ಗಳೆಲ್ಲ ಅಸಲಿಯೇ; ದೋಷವಿದ್ದದ್ದು ಅವುಗಳನ್ನು ಒಂದೇ ಡೆಕ್‌ನಲ್ಲಿ ಸೇರಿಸಿದ್ದರಲ್ಲಿ.

ತೀರ್ಪುಗಾರರು ಕಾರ್ಡ್‌ಗಳನ್ನು ಹೆಸರಿನ ಪ್ರಕಾರ ವಿಂಗಡಿಸುತ್ತಾ ಬಂದು, ಗುಲಾಬಿ ಬಣ್ಣದ ಎರಡನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟರು. ಒಂದು ಪ್ರೈಮ್ ಕ್ಯಾಚರ್, ಇನ್ನೊಂದು ಮ್ಯಾಕ್ಸಿಮಮ್ ಬೆಲ್ಟ್. ಎರಡೂ ಏಸ್ ಸ್ಪೆಕ್ ಎಂಬ ವಿಶೇಷ ವರ್ಗದ ಕಾರ್ಡ್‌ಗಳು. ಒಂದು ಡೆಕ್‌ನಲ್ಲಿ ಒಂದಕ್ಕಿಂತ ಹೆಚ್ಚು ಏಸ್ ಸ್ಪೆಕ್ ಇರುವಂತಿಲ್ಲ ಎಂಬ ಸಾಲು ಆ ಕಾರ್ಡ್‌ಗಳ ಮೇಲೆಯೇ ಅಚ್ಚಾಗಿದೆ. ಅವರು ಏನನ್ನೂ ಹೇಳದೆ ಬೆರಳಿಟ್ಟು ಅದನ್ನು ತೋರಿಸಿದರು. ಒಂದನ್ನು ತೆಗೆದು ಆ ಜಾಗಕ್ಕೆ ಮೂಲ ಎನರ್ಜಿ ಕಾರ್ಡ್ (ದಾಳಿಗೆ ಶಕ್ತಿ ಒದಗಿಸುವ ಸಾಮಾನ್ಯ ಕಾರ್ಡ್) ಹಾಕಿಸಿದರು, ಆ ಆಟವನ್ನು ಸೋಲೆಂದು ಬರೆದುಕೊಂಡರು. ಮಾರಾಟಗಾರ ಬೆಲೆ ಏರಿಸಿದ್ದೇ ಈ ಎರಡು ಕಾರ್ಡ್‌ಗಳ ಹೆಸರು ಹೇಳಿ ಎಂಬುದನ್ನು ಇಲ್ಲಿ ನೆನಪಿಸಬೇಕು.

ಆತ ಕೊಟ್ಟ ಸಮಜಾಯಿಷಿ ಕೇಳುವುದಕ್ಕೆ ಸರಿಯೆನ್ನಿಸುವಂತಿದೆ, ಆದ್ದರಿಂದಲೇ ಅಪಾಯಕಾರಿ: ‘ಎರಡರ ಹೆಸರೂ ಬೇರೆ, ಮಿತಿ ಅನ್ವಯಿಸುವುದು ಹೆಸರಿಗೆ.’ ಸಾಮಾನ್ಯ ಕಾರ್ಡ್‌ಗಳ ಮಟ್ಟಿಗೆ ಇದು ನಿಜ. ಮೂಲ ಎನರ್ಜಿಯನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡ್‌ಗಳು ನಾಲ್ಕಕ್ಕಿಂತ ಹೆಚ್ಚಿರಬಾರದು. ಚಿತ್ರ ಬೇರೆಯಾದರೂ ಹೆಸರು ಒಂದೇ ಆದರೆ ಲೆಕ್ಕ ಒಂದೇ. ಆದರೆ ಪಿಕಾಚು ಮತ್ತು ಪಿಕಾಚು ಇಎಕ್ಸ್ ಬೇರೆ ಬೇರೆ ಹೆಸರುಗಳು. 2018ರಲ್ಲಿ ಬಂದ ಪ್ರಿಸ್ಮ್ ಸ್ಟಾರ್ ಕಾರ್ಡ್‌ಗಳಿಗೂ ಆತನ ಮಾತು ಹೊಂದುತ್ತದೆ, ಏಕೆಂದರೆ ಅಲ್ಲಿ ಒಂದು ಹೆಸರಿಗೆ ಒಂದು ಕಾರ್ಡ್ ಎಂಬ ಮಿತಿಯಿದ್ದು, ಬೇರೆ ಬೇರೆ ಹೆಸರಿನವು ಒಟ್ಟಿಗೆ ಇರಬಹುದಿತ್ತು. ಆದರೆ 2012ರಲ್ಲಿ ಮೊದಲು ಬಂದು 2024ರಲ್ಲಿ ಮರಳಿದ ಏಸ್ ಸ್ಪೆಕ್‌ಗೆ ಮಿತಿಯಿರುವುದು ಇಡೀ ವರ್ಗಕ್ಕೆ. 2022ರ ರೇಡಿಯಂಟ್ ಪೋಕೆಮಾನ್‌ಗಳದ್ದೂ ಇದೇ ಕಥೆ: ರೇಡಿಯಂಟ್ ಗ್ರೆನಿಂಜಾ ಇದ್ದಲ್ಲಿ ರೇಡಿಯಂಟ್ ಚಾರಿಜಾರ್ಡ್‌ಗೆ ಜಾಗವಿಲ್ಲ.

ಅಪರೂಪತೆಗೂ ಮಿತಿಗೂ ಇರುವ ಸಂಬಂಧ ಆಟದಿಂದ ಆಟಕ್ಕೆ ಬದಲಾಗುವುದರಿಂದ ಒಂದು ಆಟ ಬಲ್ಲವರೂ ಇನ್ನೊಂದರಲ್ಲಿ ಮೋಸಹೋಗುತ್ತಾರೆ. ಹಾರ್ತ್‌ಸ್ಟೋನ್‌ನ 30 ಕಾರ್ಡ್‌ಗಳ ಡೆಕ್‌ನಲ್ಲಿ ಲೆಜೆಂಡರಿ ಎಂಬ ಅತಿ ಅಪರೂಪದ ಕಾರ್ಡ್ ಒಂದೇ ಪ್ರತಿ, ಉಳಿದವು ಎರಡು. ಅಲ್ಲಿ ಅಪರೂಪತೆಯೇ ಮಿತಿಯನ್ನು ನಿರ್ಧರಿಸುತ್ತದೆ. ಯು-ಗಿ-ಓ ಆಟದಲ್ಲಿ ಅಪರೂಪತೆಗೆ ಕವಡೆ ಕಾಸಿನ ಲೆಕ್ಕವಿಲ್ಲ: ಒಂದು ಹೆಸರಿಗೆ ಮೂರು ಪ್ರತಿ, ಅದೂ ನಿಷೇಧಿತ ಮತ್ತು ಸೀಮಿತ ಕಾರ್ಡ್‌ಗಳ ಪಟ್ಟಿ ಒಪ್ಪಿದರೆ. ಆ ಪಟ್ಟಿ ಆಗಾಗ ಬದಲಾಗುತ್ತಿರುವುದರಿಂದ ಹಳೆಯ ಪಟ್ಟಿಯಂತೆ ಕಟ್ಟಿದ ಡೆಕ್ ಇಂದು ಸಲ್ಲದೆ ಹೋಗಬಹುದು. ಮ್ಯಾಜಿಕ್ ಆಟದಲ್ಲಿ ಸೋಲ್ ರಿಂಗ್ ಎಂಬ ಕಾರ್ಡ್ 1993ರ ಮೊದಲ ಮುದ್ರಣದಲ್ಲಿ ರೇರ್ (ವಿರಳ) ದರ್ಜೆಯದು ಕೂಡ ಆಗಿರಲಿಲ್ಲ, ಆದರೂ ವಿಂಟೇಜ್ ಎಂಬ ಸ್ಪರ್ಧಾ ಮಾದರಿಯಲ್ಲಿ ಅದರ ಒಂದೇ ಪ್ರತಿಗೆ ಅವಕಾಶ. ಕಾರಣ ಅದರ ಶಕ್ತಿ. ಆರಂಭದಲ್ಲಿ ಮ್ಯಾಜಿಕ್‌ಗೆ ನಾಲ್ಕು ಪ್ರತಿಗಳ ಮಿತಿಯೇ ಇರಲಿಲ್ಲ. ಆಟಗಾರರು ಕೊಳ್ಳುವ ಪೊಟ್ಟಣಗಳೇ ಕಡಿಮೆಯಿರುತ್ತವೆ, ವಿರಳ ಕಾರ್ಡ್‌ಗಳು ತಾವಾಗಿಯೇ ಮಿತಿಯಲ್ಲಿರುತ್ತವೆ ಎಂದು ವಿನ್ಯಾಸಕ ರಿಚರ್ಡ್ ಗಾರ್ಫೀಲ್ಡ್ ಎಣಿಸಿದ್ದರು. ದುಡ್ಡಿದ್ದವರು ಆ ಎಣಿಕೆಯನ್ನು ಬೇಗನೆ ಸುಳ್ಳು ಮಾಡಿದರು.

ಆದ್ದರಿಂದ ಹಣ ಕೊಡುವ ಮುನ್ನ 60 ಕಾರ್ಡ್‌ಗಳ ಪೂರ್ಣ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ; ಹೊಳೆಯುವ ಕಾರ್ಡ್‌ಗಳಷ್ಟನ್ನೇ ಮುಂದಿಟ್ಟು ತೆಗೆದ ಫೋಟೋ ಸಾಲದು. ಯಾವ ಸ್ಪರ್ಧಾ ಮಾದರಿಗೆ ಸಲ್ಲುತ್ತದೆ ಎಂದು ನೇರವಾಗಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ನನ್ನ ಮಾರಾಟಗಾರ ಹಣ ಹಿಂದಿರುಗಿಸಲು ಒಪ್ಪಲಿಲ್ಲ, ‘ಕಾರ್ಡ್‌ಗಳು ಅಸಲಿ ತಾನೇ’ ಎಂಬುದೊಂದೇ ಅವನ ಉತ್ತರ. ಜಾಹೀರಾತಿನಲ್ಲಿದ್ದ ‘ಟೂರ್ನಮೆಂಟ್‌ಗೆ ಸಿದ್ಧ’ ಎಂಬ ಮಾತಿನ ಚಿತ್ರವನ್ನು ಕಳುಹಿಸಿದ ಮೇಲೆ ಅರ್ಧ ಹಣ ಬಂತು. ಅವನ ಹೊಸ ಜಾಹೀರಾತಿನಲ್ಲಿ ಈಗಲೂ ಎರಡು ಏಸ್ ಸ್ಪೆಕ್‌ಗಳಿರುವ ಡೆಕ್ ಇದೆ, ಹಣೆಪಟ್ಟಿಯೂ ಅದೇ.